ಖಂಡೇನವಮಿಯ ಲೋಕಲ್‌ನಲ್ಲಿ ಯುದ್ಧವಿಮಾನ

2011ರ ನವರಾತ್ರಿಯ ಮಾತು. ಮಹಾನವಮಿಯ ಬೆಳಿಗ್ಗೆ ನಾನು ಡೊಂಬಿವಲಿಯಿಂದ ಸೀವುಡ್ಸ್‌ಗೆ ಮುಂಬೈ ಲೋಕಲ್ ಟ್ರೈನಿನಲ್ಲಿ ಒಂದು ಯುದ್ಧವಿಮಾನ ಒಯ್ಯಬೇಕಿತ್ತು. ಏನೇನು ಕೆಡಬಹುದು ಎಂದು ವಾರದಿಂದ ಯೋಚಿಸಿಟ್ಟುಕೊಂಡಿದ್ದೆ. ಮೂಗಿನ ತುದಿಯ ಸೂಜಿಯಂಥ ಕೊಳವೆ ಮುರಿಯಬಹುದು. ನೂಕಾಟದಲ್ಲಿ ರೆಕ್ಕೆ ಕಿತ್ತು ಬರಬಹುದು. ಸೆಕೆಗೆ ಅಂಟು ಬಿಟ್ಟು ಸೈನಿಕರೆಲ್ಲ ಮಕಾಡೆ ಮಲಗಬಹುದು. ಠಾಣೆ ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸುವಾಗ ಮೆಟ್ಟಿಲಲ್ಲಿ ನಾನೇ ಬೀಳಬಹುದು. ಬಿದ್ದರೆ ಪೆಟ್ಟಿಗೆಯ ಮೇಲೇ ಬೀಳುತ್ತೇನೆ, ಅದರಲ್ಲಿ ನನಗೆ ಸಂಶಯವಿರಲಿಲ್ಲ. ಪೆಟ್ಟಿಗೆಯಲ್ಲೇನು ಎಂದು ಪೊಲೀಸರು ಕೇಳಬಹುದು, ಗಾಬರಿಯಲ್ಲಿ ನಾನು ನಿಜವನ್ನೇ ಹೇಳಿಬಿಡಬಹುದು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಎಲ್ಲ ಸರಿಯಾಗಿ ತಲುಪಿ, ನೋಡಬೇಕಾದವರು ನೋಡಿ, "ಚೆಂದ ಉಂಟು" ಎಂದು ಸುಮ್ಮನಾಗಿಬಿಡಬಹುದು.

ನಗಬೇಡಿ. ನನಗೆ ನೌಪಾಡಾದ ಒಂದು ವಿಮಾ ಕಚೇರಿಯಲ್ಲಿ ಕೆಲಸ. ಯಾವುದು ಹೇಗೆ ಹಾಳಾಗಬಹುದು ಎಂದು ಯೋಚಿಸುವುದಕ್ಕೇ ಅಲ್ಲಿ ಸಂಬಳ. ಮನೆಯಲ್ಲಿ ಅದನ್ನೇ ಪುಕ್ಕಟೆ ಮಾಡುತ್ತೇನೆ. ಬಿಡುವು ಸಿಕ್ಕಾಗ ಹಳೆಯ ಯುದ್ಧವಿಮಾನಗಳ ಪುಟ್ಟ ಮಾದರಿ ಮಾಡುವ ಹುಚ್ಚು. ಬರೇ ವಿಮಾನವಲ್ಲ, ಅದು ನಿಂತ ನೆಲ, ಹುಲ್ಲು, ಸುತ್ತಲಿನ ಜನ, ಸಾಮಾನು ಎಲ್ಲ ಸೇರಿದ ಒಂದು ದೃಶ್ಯ. ಡಯೋರಾಮಾ ಅನ್ನುತ್ತಾರೆ. ನನ್ನ ಹೆಂಡತಿ ಸುಮತಿ ಮಾತ್ರ "ಇವರು ಗೊಂಬೆ ಕೂರಿಸುತ್ತಿದ್ದಾರೆ" ಅನ್ನುತ್ತಾಳೆ.

ಸುಮತಿಯ ಸೋದರಮಾವ ರಘುಮಾಮ ಉಡುಪಿ ಕಡೆಯವರು. ಹರೆಯದಲ್ಲೇ ವಾಯುಪಡೆ ಸೇರಿ, ಎಪ್ಪತ್ತೊಂದರ ಯುದ್ಧದಲ್ಲಿ ನ್ಯಾಟ್ ವಿಮಾನಗಳ ಎಂಜಿನ್ ನೋಡಿಕೊಳ್ಳುತ್ತಿದ್ದವರು. ಆಗ ಸೀವುಡ್ಸ್‌ನಲ್ಲಿ ಮಗಳು ಶೈಲಾಳ ಮನೆಯಲ್ಲಿದ್ದರು. ಹಿಂದೊಮ್ಮೆ ನಾನು ಮಾಡಿದ ನ್ಯಾಟ್ ಒಂದನ್ನು ಅವರಿಗೆ ತೋರಿಸಿದ್ದೆ. ಮಿರಮಿರ ಮಿಂಚುವ ವಿಮಾನ, ಅದೊಂದೇ. ಅವರು ಅದನ್ನು ತಿರುಗಿಸಿ ನೋಡಿ, "ಚೆಂದ ಉಂಟು. ಆದರೆ ಇದು ಯಾರ ವಿಮಾನವೂ ಅಲ್ಲ ಮಾರಾಯ್ರೆ" ಎಂದು ವಾಪಸು ಕೊಟ್ಟಿದ್ದರು. ಯುದ್ಧದ ಬಗ್ಗೆ ಅವರ ಬಾಯಿಂದ ಬಂದದ್ದೂ ಅಷ್ಟೇ.

ಆ ಮಾತು ನನ್ನನ್ನು ಕೊರೆಯುತ್ತಲೇ ಇತ್ತು. ಒಂದು ವರ್ಷ ಹಿಡಿದು ಹೊಸದು ಮಾಡಿದೆ. ಗಾಯಕ್ಕೆ ಸುತ್ತುವ ಬಟ್ಟೆಯನ್ನು ಚಹಾದಲ್ಲಿ ಅದ್ದಿ, ಹಸಿರು ಬಳಿದು, ವಿಮಾನವನ್ನು ಮರೆಮಾಡುವ ಬಲೆ. ಅದಕ್ಕೆ ಊದುಬತ್ತಿ ಕಡ್ಡಿಯ ಕಂಬಗಳು. ಕೆಳಗೆ ಮೂಗು ಮಾತ್ರ ಹೊರಗೆ ಚಾಚಿದ ನ್ಯಾಟ್, ಏಣಿ ಹಿಡಿದ ಒಬ್ಬ, ರೆಕ್ಕೆಯಡಿ ಬಗ್ಗಿದ ಇಬ್ಬರು, ಎಣ್ಣೆಯ ಕಲೆ, ಟೈರಿನ ಧೂಳು. ಎಲ್ಲವೂ ನಿಜದ ಎಪ್ಪತ್ತೆರಡರಲ್ಲಿ ಒಂದು ಪಾಲು. ಮನುಷ್ಯನೆಂದರೆ ಒಂದು ಗೋಡಂಬಿಯಷ್ಟು ಎತ್ತರ.

ಅಷ್ಟರಲ್ಲಿ ಶೈಲಾಳ ಫೋನ್ ಬಂತು. "ಬಾವ, ಅಪ್ಪನ ಒಂದು ಕಣ್ಣು ಮೊದಲೇ ಹೋಗಿದೆ, ಗೊತ್ತಲ್ಲ. ಈಗ ಇನ್ನೊಂದಕ್ಕೆ ದಸರೆ ಕಳೆದ ಮೇಲೆ ಆಪರೇಷನ್ ಅಂತೆ. ದೃಷ್ಟಿ ಉಳಿಯುತ್ತದೆ ಅಂತ ಡಾಕ್ಟರು ಮಾತು ಕೊಡುವುದಿಲ್ಲ. ತೋರಿಸುವುದಿದ್ದರೆ ಈಗಲೇ ತನ್ನಿ."

ಸುಮತಿ ಟ್ಯಾಕ್ಸಿ ಮಾಡೋಣ ಅಂದಳು. ಶಿಳ್‌ಫಾಟಾ ರಸ್ತೆಯ ಹೊಂಡಗಳಲ್ಲಿ ನಿಜವಾದ ವಿಮಾನವೂ ಉಳಿಯಲಿಕ್ಕಿಲ್ಲ ಅಂದೆ. ಹೊರಡುವ ಮುಂಚೆ, ಸುಮ್ಮನಿರಲಾರದ ಕೈ, ಮುಂದಿನ ಚಕ್ರದ ಹತ್ತಿರ ಇನ್ನೊಂದಿಷ್ಟು ಹುಲ್ಲು ಅಂಟಿಸಿದೆ. ಆಮೇಲೆ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎದೆಗಾನಿಸಿಕೊಂಡು ಸ್ಟೇಷನ್ನಿನ ತನಕ ನಡೆದೆ. ಸುಮತಿ ಹಿಂದಿನಿಂದ, "ವಿಮಾನ ಒಯ್ಯುವುದೋ, ಬಾಣಂತಿಯನ್ನೋ? ಸ್ವಲ್ಪ ಬೇಗ ಬೇಗ ಕಾಲು ಹಾಕಿ" ಅಂದಳು. ಅವಳು ಲೇಡೀಸ್ ಡಬ್ಬ ಹತ್ತಿದಳು. ನಾನು ಡೊಂಬಿವಲಿಯಿಂದಲೇ ಹೊರಡುವ ನಿಧಾನದ ಗಾಡಿ, ಜನ ಕಡಿಮೆ ಇರುತ್ತಾರೆ ಎಂದು ಲೆಕ್ಕ ಹಾಕಿ ಪಕ್ಕದ ಡಬ್ಬ ಹತ್ತಿದೆ.

ಒಳಗೆ ನೋಡಿದರೆ ಮದುವೆ ಮನೆ. ಕಂಬಗಳಿಗೆಲ್ಲ ಚೆಂಡುಹೂವಿನ ಮಾಲೆ, ಕಿಟಕಿಯ ಹತ್ತಿರ ದೇವಿಯ ಫೋಟೋ, ತಾಳ, ಭಜನೆ. ಮರಾಠಿಯವರು ನಮ್ಮ ಆಯುಧಪೂಜೆಗೆ ಖಂಡೇನವಮಿ ಅನ್ನುತ್ತಾರೆ. ದಿನಾ ಒಟ್ಟಿಗೆ ಓಡಾಡುವವರು ಆ ದಿನ ತಮ್ಮ ಡಬ್ಬಕ್ಕೇ ಪೂಜೆ ಮಾಡುತ್ತಾರೆ. ಏನೇನೋ ಯೋಚಿಸಿದ ನನಗೆ ಇದು ಹೊಳೆದೇ ಇರಲಿಲ್ಲ.

ಬಿಳಿ ಟೋಪಿಯ ಹಿರಿಯರೊಬ್ಬರು ಎಲ್ಲದರ ಯಜಮಾನಿಕೆ ವಹಿಸಿದ್ದರು. ಎಲ್ಲರೂ ಅವರನ್ನು ಕಾಕಾ ಎಂದು ಕರೆಯುತ್ತಿದ್ದರು. ಎದ್ದು ನನಗೆ ಜಾಗ ಕೊಟ್ಟು, ಪೆಟ್ಟಿಗೆಯಲ್ಲೇನು ಎಂದು ಕೇಳಿದರು. ಗಾಬರಿಯಲ್ಲಿ ನಿಜವನ್ನೇ ಹೇಳಿದೆ.

"ವಿಮಾನ. ಯುದ್ಧದ ವಿಮಾನ."

ತಾಳ ನಿಂತಿತು. ಆಮೇಲೆ ಡಬ್ಬಕ್ಕೆ ಡಬ್ಬವೇ ನಕ್ಕಿತು. "ಪೈಲಟ್‌ಸಾಹೇಬರು ಸೆಕೆಂಡ್ ಕ್ಲಾಸಿನಲ್ಲಾ?" ಎಂದು ಯಾರೋ ಮರಾಠಿಯಲ್ಲಿ ಕೂಗಿದರು. ಕಾಕಾ ಮಾತ್ರ ನಗಲಿಲ್ಲ. "ಇವತ್ತು ಖಂಡೇನವಮಿ. ಶಸ್ತ್ರವನ್ನು ಪೆಟ್ಟಿಗೆಯೊಳಗೆ ಮುಚ್ಚಿ ಒಯ್ಯುತ್ತೀರಾ? ತೆಗೀರಿ, ತೆಗೀರಿ."

ತೆಗೆದೆ. ಸುತ್ತ ತಲೆಗಳು ಬಗ್ಗಿದವು. ಒಬ್ಬರೂ ಮುಟ್ಟಲಿಲ್ಲ. ಕಾಕಾ ಉಂಗುರಬೆರಳಲ್ಲಿ ಕುಂಕುಮ ತೆಗೆದುಕೊಂಡು ವಿಮಾನದ ಮೂಗಿನ ಕಡೆ ತಂದರು. "ಕಾಕಾ, ಬಣ್ಣ ಹೋಗುತ್ತದೆ. ಪೆಟ್ಟಿಗೆಗೆ ಹಚ್ಚಿದರೆ ಆಗುವುದಿಲ್ಲವಾ?" ಎಂದು ಹರಕು ಮರಾಠಿಯಲ್ಲಿ ಬೇಡಿಕೊಂಡೆ. ಅವರು ನನ್ನ ಮುಖ ನೋಡಿ ಪೆಟ್ಟಿಗೆಯ ಮೂಲೆಗೆ ಕುಂಕುಮ ಹಚ್ಚಿದರು. ಆರತಿ ಮುಗಿದು ಎಲ್ಲರೂ ದೇವಿಗೆ ಅಕ್ಷತೆ ಎಸೆಯುವಾಗ ನಾನು ಎರಡೂ ಅಂಗೈಯನ್ನು ವಿಮಾನದ ಮೇಲೆ ಕೊಡೆಯಂತೆ ಹಿಡಿದಿದ್ದೆ. ಮತ್ತೆ ಮುಚ್ಚಳ ಹಾಕಿ, ಅವರು ಕೊಟ್ಟ ಪೇಡಾ ತಿಂದೆ. ಕಳವಾ ದಾಟುವ ಹೊತ್ತಿಗೆ ಸ್ವಲ್ಪ ಧೈರ್ಯವೂ ಬಂತು.

ಠಾಣೆಯಲ್ಲಿ ಇಳಿಯುವಾಗ ಕಾಕಾನ ಜನ ಬಾಗಿಲಲ್ಲಿ ಕೈ ಚಾಚಿ ಗೋಡೆ ಕಟ್ಟಿದರು. ಹತ್ತಲು ಕಾದಿದ್ದವರಿಗೆ ಕಾಕಾನ ಜೋರು ದನಿ: "ಬಾಜೂಲಾ ವ್ಹಾ, ವಿಮಾನ್ ಉತರತಂಯ್!" ಬದಿಗೆ ಸರೀರಿ, ವಿಮಾನ ಇಳಿಯುತ್ತಿದೆ ಎಂದು. ಮುಂಬೈ ಲೋಕಲ್‌ನಿಂದ ನಾನು ಅಷ್ಟು ಗೌರವದಿಂದ ಇಳಿದದ್ದು ಅದೊಂದೇ ಸಲ.

ಸೀವುಡ್ಸ್‌ನಲ್ಲಿ ರಘುಮಾಮ ಕಿಟಕಿಯ ಬೆಳಕಿಗೆ ಮೇಜು ಎಳೆಸಿಕೊಂಡು ಕಾಯುತ್ತಿದ್ದರು. ಮುಚ್ಚಳ ತೆಗೆದೆ. ಕೊಳವೆ ಇತ್ತು, ರೆಕ್ಕೆ ಇತ್ತು, ಜನರೆಲ್ಲ ನಿಂತೇ ಇದ್ದರು. ರಘುಮಾಮ ದೊಡ್ಡ ಭೂತಗನ್ನಡಿ ಹಿಡಿದು, ಇದ್ದ ಒಂದು ಕಣ್ಣನ್ನು ಹತ್ತಿರ ತಂದರು. ಬಲೆ ನೋಡಿದರು. ಏಣಿ ನೋಡಿದರು. "ಚೆಂದ ಉಂಟು" ಬರುವುದನ್ನೇ ಕಾಯುತ್ತ ನಾನು ಸುಮತಿಯ ಮುಖ ನೋಡಿದೆ.

"ಅರೆ, ಕುಂಬಳಕಾಯಿ!" ಅಂದರು ರಘುಮಾಮ.

ಬಗ್ಗಿ ನೋಡಿದೆ. ಮುಂದಿನ ಚಕ್ರದ ಎದುರಿಗೆ, ಬೆಳಿಗ್ಗೆ ಹುಲ್ಲಿಗೆ ಹಾಕಿ ಒಣಗದೇ ಉಳಿದಿದ್ದ ಅಂಟಿನಲ್ಲಿ, ಒಂದು ಅಕ್ಷತೆಕಾಳು ಕೂತಿತ್ತು. ಮೈಯೆಲ್ಲ ಕುಂಕುಮ. ಎಪ್ಪತ್ತೆರಡರಿಂದ ಗುಣಿಸಿದರೆ ಸರಿಯಾಗಿ ಒಂದು ಬೂದುಗುಂಬಳ.

"ನವಮಿಗೆ ವಿಮಾನದ ಎದುರು ಕುಂಬಳಕಾಯಿ ಒಡೆಯಲು ಇಡುತ್ತಿದ್ದೆವು ಅಂತ ನಿಮಗೆ ಯಾರು ಹೇಳಿದ್ದು?"

"ಟ್ರೈನಿನಲ್ಲಿ... ಒಬ್ಬರು ಕಾಕಾ" ಅಂದೆ. ಸುಮತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ರಘುಮಾಮನಿಗೆ ನನ್ನ ಉತ್ತರ ಬೇಕಿರಲಿಲ್ಲ. "ಯುದ್ಧದ ವರ್ಷ ನಾವಿದ್ದ ಉತ್ತರ ಭಾರತದ ಊರಿನಲ್ಲಿ ಎಲ್ಲೂ ಕುಂಬಳಕಾಯಿ ಇಲ್ಲ. ಸೈಕಲ್ಲಲ್ಲಿ ಊರಿಡೀ ಸುತ್ತಿದೆ. ಕೊನೆಗೆ ಬೂದುಗುಂಬಳದ ಪೇಠಾ ಮಾಡುವ ಮಿಠಾಯಿ ಅಂಗಡಿಯವ ಒಂದು ಕೊಟ್ಟ. ನಮ್ಮ ಪೈಲಟ್ ಪಂಜಾಬಿನವ. 'ತಿನ್ನುವುದನ್ನು ಯಾಕಯ್ಯಾ ಒಡೆದು ಹಾಳು ಮಾಡ್ತೀ' ಅಂತ ಬೈದ. ಯುದ್ಧದಲ್ಲಿ ಅವ ಹೋದಷ್ಟು ಸಲವೂ ವಾಪಸು ಬಂದ. ನನ್ನ ಎಂಜಿನ್ನಿನಿಂದ ಅಂತ ಅವ, ಕುಂಬಳಕಾಯಿಯಿಂದ ಅಂತ ನಾನು." ಹೇಳುತ್ತ ಹೇಳುತ್ತ ಅವರು ರೆಕ್ಕೆಯಡಿ ಬಗ್ಗಿದ ಒಬ್ಬನನ್ನು ತೋರಿಸಿ, "ಇದು ನಾನು" ಅಂದರು. ಊಟದ ಹೊತ್ತು ಮೀರಿದರೂ ಮಾತು ನಿಲ್ಲಲಿಲ್ಲ. ಶೈಲಾ ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು. "ಇದೆಲ್ಲ ನಮಗೇ ಹೇಳಿರಲಿಲ್ಲ ಬಾವ" ಅಂದಳು.

ಆಪರೇಷನ್ ಆಯಿತು. ಆ ಕಣ್ಣಿನಲ್ಲಿ ಉಳಿದದ್ದು ಬೆಳಕು, ನೆರಳು ಮಾತ್ರ. ವಿಮಾನ ಈಗ ಅವರಿಗೆ ಕಾಣುವುದಿಲ್ಲ, ಆದರೆ ಬಂದವರನ್ನೆಲ್ಲ ಅದರ ಮುಂದೆ ಕೂರಿಸಿ ಕುಂಬಳಕಾಯಿ ಎಲ್ಲಿದೆ ಹುಡುಕಿ ಎನ್ನುತ್ತಾರಂತೆ. ಮಳೆಗಾಲ ಬಂತೆಂದರೆ ಅಕ್ಕಿಗೆ ಹುಳ ಹಿಡಿದೀತೇ ಎಂದು ನನಗೆ ಈಗಲೂ ಚಿಂತೆ. ಹೋದಾಗಲೆಲ್ಲ ಆ ಕಾಳಿಗೆ ಮಾತ್ರ ಒಂದು ಕೋಟು ವಾರ್ನಿಷ್ ಬಳಿದು ಬರುತ್ತೇನೆ. ಒಂದು ವರ್ಷದ ಆ ಕೆಲಸದಲ್ಲಿ ನಾನು ಮಾಡದೇ ಇದ್ದದ್ದು ಅದೊಂದೇ.

ಆ ದಿನ ಏನೆಲ್ಲ ಕೆಡಬಹುದಿತ್ತು. ಕೆಟ್ಟದ್ದು ಇಷ್ಟೇ: ಕಾಕಾನ ಜನ ಎಸೆದ ಅಕ್ಷತೆಯಲ್ಲಿ ಒಂದು ಕಾಳು ನನ್ನ ಅಂಗೈಯನ್ನು ತಪ್ಪಿಸಿತು.