ಬಾಯಾರಿಸಿ ಬೆಳೆಸಿದ ಬದನೆ

ಬದನೆ ಸಸಿಯನ್ನು ಕಿತ್ತರೆ ಕೈಗೆ ಒಂದು ಹಸಿ ಘಾಟು ಅಂಟಿಕೊಳ್ಳುತ್ತದೆ, ಸೋಪು ಹಾಕಿದರೂ ಬೇಗ ಹೋಗುವುದಿಲ್ಲ. ಜಯನಗರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಹೇಳುವ ನಾನು ಪ್ರತಿ ವರ್ಷ ಹುಡುಗರಿಗೆ ತೋರಿಸಲು ಬದನೆ ಬೇರು ಕತ್ತರಿಸುತ್ತೇನೆ. ಆಗೆಲ್ಲ ಚಿಕ್ಕಲಸಂದ್ರದ ನಮ್ಮ ಹೆಂಚಿನ ಮನೆಯ ಹಿತ್ತಲು ನೆನಪಾಗುತ್ತದೆ. ಹೊಲವೆಲ್ಲ ಸೈಟುಗಳಾದ ಮೇಲೆ ನಮಗೆ ಉಳಿದಿದ್ದ ಮಣ್ಣು ಅದೊಂದೇ. ಅಪ್ಪನ ತಾಯಿ, ನಮ್ಮಜ್ಜಿ, ಹೊಲದ ಬದನೆಯ ತಳಿಯನ್ನು ಅಲ್ಲಿ ಉಳಿಸಿಕೊಂಡಿದ್ದಳು: ಬಿಳಿ ಗೀರಿನ ಗುಂಡು ಹಸಿರು ಕಾಯಿ. ಎಣ್ಣೆಗಾಯಿ ಮಾಡಿದ ದಿನ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಆ ಬೀಜ ಬೇರೆ ಯಾರ ಹತ್ತಿರವೂ ಇರಲಿಲ್ಲ.

ಒಟ್ಲಿನಲ್ಲಿ, ಅಂದರೆ ಸಸಿ ಎಬ್ಬಿಸುವ ಪುಟ್ಟ ಪಾತಿಯಲ್ಲಿ, ಸಸಿಗಳು ಗೇಣುದ್ದ ಬಂದ ಕೂಡಲೇ ಅಜ್ಜಿ ನೀರು ನಿಲ್ಲಿಸಿಬಿಡುತ್ತಿದ್ದಳು. ಎಲೆ ಜೋಲುಬಿದ್ದರೂ ಅವಳ ಮನಸ್ಸು ಕರಗುತ್ತಿರಲಿಲ್ಲ. ಸಿದ್ದಾಪುರದ ವಠಾರದಿಂದ ಸೊಸೆಯಾಗಿ ಬಂದಿದ್ದ ಅಮ್ಮನಿಗೆ ಅದನ್ನು ನೋಡಲಾಗುತ್ತಿರಲಿಲ್ಲ. “ಪಾಪ ಅತ್ತೆ, ಒಂದು ಚೊಂಬು ನೀರು ಹಾಕ್ಲಾ?” ಎನ್ನುತ್ತಿದ್ದಳು.

“ಬ್ಯಾಡ ಕಣೆ, ಬಾಯಾರ್ಲಿ. ಹೊಸ ಮಣ್ಣಿಗೆ ಹೋಗೋವು, ಬೇರು ಗಟ್ಟಿಯಾಗ್ಬೇಕು.”

ಅದು ಅತ್ತೆಯ ಕಲ್ಲುಮನಸ್ಸು ಎಂದೇ ಅಮ್ಮ ತಿಳಿದಿದ್ದಳು. ಹಿತ್ತಲಲ್ಲಿ ಬಾಡಿಗೆ ಮನೆ ಕಟ್ಟಿಸಲು ಅಪ್ಪ ತೀರ್ಮಾನಿಸಿದ ವರ್ಷ, ಕಾಂಪೌಂಡಿನ ಪಕ್ಕ ಒಂದು ಪಟ್ಟಿ ಜಾಗ ಮಾತ್ರ ಬಿಡುವುದೆಂದಾಯಿತು. ಅಲ್ಲಿ ನೆಡಲೆಂದು ಅಜ್ಜಿ ಇದ್ದಬದ್ದ ಬೀಜವನ್ನೆಲ್ಲ ಬಿತ್ತಿದಳು. ಸಸಿ ಏಳುವ ಹೊತ್ತಿಗೆ ಬಚ್ಚಲಲ್ಲಿ ಜಾರಿ, ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದಳು. ಅತ್ತೆ ಬಂದು ನೋಡಿ ಸಂತೋಷಪಡಲಿ ಎಂದು ಅಮ್ಮ ದಿನಕ್ಕೆರಡು ಹೊತ್ತು ನೀರು ಹಾಕಿದಳು, ಮೇಲೆ ಯೂರಿಯಾ ಬೇರೆ. ಅಷ್ಟು ಸೊಂಪಾದ ಒಟ್ಲನ್ನು ನಾನು ಆಮೇಲೆ ಕಂಡಿಲ್ಲ. ಪಾಯ ತೋಡುವವರು ಬಂದಾಗ ಅಮ್ಮನೇ ಸಸಿಗಳನ್ನು ಕಿತ್ತು, ಸಿಮೆಂಟು ಬೆರೆತ ಆ ಪಟ್ಟಿಯಲ್ಲಿ ನೆಟ್ಟಳು. ವಾರದೊಳಗೆ ಒಂದೂ ಉಳಿಯಲಿಲ್ಲ. ಮನೆಗೆ ಬಂದ ಅಜ್ಜಿ ಕಿಟಕಿಯಿಂದ ಬಹಳ ಹೊತ್ತು ನೋಡಿದಳು, ಆಮೇಲೆ ಅಮ್ಮನನ್ನು ಹತ್ತಿರ ಕರೆದಳು. ಮರುವರ್ಷ ತೀರಿಕೊಂಡಳು. ನಿಮ್ಮ ಮನೆಯಿಂದಲೂ ಹೀಗೆ ಒಂದು ರುಚಿ ಹೋಗಿರಬಹುದು. ಹೊಲ ಹೋದದ್ದಕ್ಕಿಂತ ಈ ಬೀಜ ಹೋದದ್ದೇ ನನಗೆ ಇವತ್ತಿಗೂ ಹೆಚ್ಚಿನ ಸಂಕಟ.

ಬೇರಿನೊಳಗೆ ಉಂಗುರದಂಥ ಒಂದು ಪದರವಿದೆ, ಅದರ ಕೋಶಗಳ ಗೋಡೆಗೆ ಬೆಂಡಿನಂಥ ಲೇಪ. ಮಣ್ಣಿನಲ್ಲಿ ಕರಗಿದ್ದೆಲ್ಲ ಒಳಗೆ ನುಗ್ಗದಂತೆ, ಒಳಗಿನ ನೀರು ಹೊರಗೆ ಸೋರದಂತೆ ತಡೆದು, ಬೇಕಾದ ಸತ್ವವನ್ನಷ್ಟೇ ಅದು ಬಿಟ್ಟುಕೊಳ್ಳುತ್ತದೆ. ಬಾಯಾರಿದ ಗಿಡ ಆ ಲೇಪವನ್ನು ದಪ್ಪ ಮಾಡಿಕೊಳ್ಳುತ್ತದೆ. ಹೊತ್ತುಹೊತ್ತಿಗೆ ಎಲ್ಲ ಸಿಗುವ ಗಿಡಕ್ಕೆ ಅದರ ಅಗತ್ಯ ಇರುವುದಿಲ್ಲ.

ಮೊನ್ನೆ ಊಟಕ್ಕೆ ಕೂತಾಗ ಪಾಠ ಹೇಳುವ ಅಭ್ಯಾಸಬಲದಿಂದ ಅಮ್ಮನಿಗೂ ಇದನ್ನು ಹೇಳಿಬಿಟ್ಟೆ. ಅವಳ ಕೈ ತಟ್ಟೆಯಲ್ಲೇ ನಿಂತಿತು. “ಹಂಗಾದ್ರೆ ಅವು ನಾನು ನೀರು ಹಾಕಿದ್ದಕ್ಕೇ ಹೋದ್ವಾ?”

“ಇಲ್ಲಮ್ಮ, ಆ ಸಲ ಬಿಸಿಲು ಜಾಸ್ತಿ ಇತ್ತು” ಎಂದೆ.

ಅಮ್ಮ ನನ್ನ ಮುಖವನ್ನೇ ನೋಡಿದಳು. “ನಿಮ್ಮಜ್ಜೀನೂ ನನ್ ಹತ್ರ ಹಂಗೇ ಅಂದಿದ್ರು” ಎಂದಳು.