ದಾರಿ ಬಿಡದೆ ಹಾಸಿದ ಕಲ್ಲು

ಅಂಗಳಕ್ಕೆ ಬಿಳಿ ಕಲ್ಲು ಹಾಕಿಸಿದ್ದು ಚೆಂದಕ್ಕೆ ಎಂದು ಎಲ್ಲರಿಗೂ ಹೇಳಿದೆ. ಸುಳ್ಳು. ಹಾಕಿಸಿದ್ದು ಸಪ್ಪಳಕ್ಕೆ — ಮಾವನವರು ಹೊರಗೆ ಕಾಲಿಟ್ಟರೆ ನನಗೆ ಕೇಳಿಸಲಿ ಎಂದು. ಇದನ್ನು ಇವತ್ತಿನವರೆಗೆ ನನ್ನ ಯಜಮಾನರಿಗೂ ಹೇಳಿಲ್ಲ.

ಆಗ ನಾವು ಪುಣೆಯಲ್ಲಿ, ವಿಮಾನ ನಗರದ ಹತ್ತಿರ ಸಣ್ಣದೊಂದು ಮನೆಯಲ್ಲಿದ್ದೆವು. ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ಧಾರವಾಡದಿಂದ ಬಂದು ಖಡಕಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದ ಮಾವನವರಿಗೆ ನಿವೃತ್ತಿಯ ಮೇಲೆ ಮರೆವು ಅಂಟಿಕೊಂಡಿತ್ತು. ಎರಡು ಸಲ ಗೇಟು ದಾಟಿ ಹೋಗಿ, ಡ್ಯೂಟಿಗೆ ಹೊತ್ತಾಯಿತೆಂದು ಖಡಕಿಗೆ ಹೋಗುವ ಬಸ್ಸಿನ ಸ್ಟಾಪಿನಲ್ಲಿ ನಿಂತಿದ್ದರು. ಗೇಟಿಗೆ ಕೀಲಿ ಹಾಕೋಣವೆಂದರೆ ಯಜಮಾನರು ಒಪ್ಪಲಿಲ್ಲ. ಅಪ್ಪ ಏನು ಕೈದಿಯೇ ಎಂದರು. ಅವರಿಗೇನು, ಆಫೀಸಿಗೆ ಹೋಗಿಬಿಡುತ್ತಿದ್ದರು. ಮನೆಯಲ್ಲಿ ಉಳಿಯುತ್ತಿದ್ದವಳು ನಾನು, ಹೊಲಿಗೆ ಮಶೀನಿನ ಮುಂದೆ, ಒಂದು ಕಿವಿ ಬಾಗಿಲಿಗಿಟ್ಟು.

ಮಾವನವರಿಗೆ ಉಳಿದಿದ್ದ ಸುಖ ಒಂದೇ. ಮುಂಜಾನೆ ಸ್ನಾನ ಮುಗಿಸಿ, ಗೇಟಿನ ಪಕ್ಕದ ದಾಸವಾಳದ ಗಿಡದಿಂದ ಪೂಜೆಗೆ ಹೂ ಬಿಡಿಸುವುದು. ಅದೂ ಬರಿಗಾಲಲ್ಲಿ — ದೇವರ ಹೂವಿಗೆ ಚಪ್ಪಲಿ ಮೆಟ್ಟಿ ಹೋಗುವವರಲ್ಲ ಅವರು. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು.

ಭೋಸರಿ ರಸ್ತೆಯ ಕಲ್ಲಿನ ವಖಾರಿಗೆ ಒಬ್ಬಳೇ ಹೋದೆ. ಅಲ್ಲಿ ಎರಡು ಗುಡ್ಡೆ: ಹೊಳೆಯ ನುಣ್ಣನೆಯ ಗುಂಡುಕಲ್ಲು, ಪಕ್ಕದಲ್ಲಿ ಒಡೆದ ಬಿಳಿ ಚೂರು. ಸೀರೆ ಆರಿಸುವವಳ ಹಾಗೆ ಎರಡನ್ನೂ ತುಳಿದು ತುಳಿದು ನೋಡಿದೆ. ಚೂಪು ಚೂರೇ ಹೆಚ್ಚು ಕರಕರ ಎಂದಿತು. ಅಂಗಳ ಇಪ್ಪತ್ತಡಿ ಉದ್ದ, ಹತ್ತಡಿ ಅಗಲ. ಎರಡಿಂಚು ದಪ್ಪ ಸಾಕು ಎಂದ ವಖಾರಿಯವನು. ನಾನು ಮೂರಿಂಚು ಎಂದೆ. ಹಾಗಾದರೆ ಅರ್ಧ ಬ್ರಾಸ್, ಅಂದರೆ ಐವತ್ತು ಘನ ಅಡಿ ಬೇಕು ಎಂದು ಬರೆದುಕೊಂಡು, ನಡೆದಾಡಲು ದಾರಿಯಷ್ಟು ಬಿಟ್ಟು ಲೆಕ್ಕ ಹಾಕಲೇ ಎಂದು ಮರಾಠಿಯಲ್ಲಿ ಕೇಳಿದ.

ಬೇಡ, ಪೂರ್ತಿ ತುಂಬಿಸಿ ಎಂದೆ. ಯಾಕೆ ಹಾಗೆಂದೆ — ದಾರಿ ಬಿಟ್ಟರೆ ಸಪ್ಪಳವಾಗುವುದಿಲ್ಲ ಎಂದಷ್ಟೆಯೇ? ಅಥವಾ ಅವರು ಹೊರಗೆ ಬರುವುದೇ ನನಗೆ ಬೇಡವಾಗಿತ್ತೇ? ಎಷ್ಟು ಸಲ ಕೇಳಿಕೊಂಡರೂ ಒಂದೊಂದು ದಿನ ಒಂದೊಂದು ಉತ್ತರ ಬರುತ್ತದೆ.

ಕಲ್ಲು ಹರಡಿದ ಮರುದಿನ ಮಾವನವರು ಮೆಟ್ಟಿಲಿಳಿದು, ಕಾಲಿಟ್ಟು, ಹಿಂದೆ ತೆಗೆದುಕೊಂಡರು.

"ಗುಂಡಗಿನ ಕಲ್ಲು ಸಿಗಲಿಲ್ಲೇನ, ತಂಗೀ?"

"ಇಲ್ರಿ ಮಾವಾರ. ಎಲ್ಲೂ ಸಿಗಲಿಲ್ರಿ."

ನಾಲ್ಕು ದಿನ ತುದಿಗಾಲಲ್ಲಿ ಹೋಗಿ ಹೂ ತಂದರು. ಐದನೆಯ ದಿನ ಸಪ್ಪಳ ಕೇಳಿ ಓಡಿ ಬಂದೆ. ಬುಟ್ಟಿ ಹಿಡಿದು ಮೊದಲ ಹೆಜ್ಜೆಯಲ್ಲೇ ನಿಂತಿದ್ದರು.

"ಮಶೀನ್ ನಡದಾಗೂ ಕೇಳಸ್ತದಲ್ಲ?"

"ಕೇಳಸ್ತದ್ರಿ," ಎಂದುಬಿಟ್ಟೆ.

"ಛಲೋ ಆತು ಬಿಡು. ನಿನಗೂ ಕೆಲಸ ಇರ್ತಾವ." ಖಾಲಿ ಬುಟ್ಟಿಯೊಂದಿಗೆ ಮೆಟ್ಟಿಲು ಹತ್ತಿ ಒಳಗೆ ಹೋದರು. ಮತ್ತೆ ಅಂಗಳಕ್ಕಿಳಿಯಲಿಲ್ಲ.

ಒಮ್ಮೊಮ್ಮೆ ನನ್ನ ಹೆಸರೇ ಮರೆಯುತ್ತಿದ್ದವರು ಇದನ್ನು ಹೇಗೆ ತಿಳಿದುಕೊಂಡರು? ಅದು ಕನಿಕರವೋ, ಚುಚ್ಚುಮಾತೋ — ಇಲ್ಲ, ನಿಜವಾಗಿ ನನ್ನ ಕೆಲಸ ಹಗುರಾಯಿತೆಂದು ಸಂತೋಷವೋ — ತಿಳಿಯಲೇ ಇಲ್ಲ. ಹೂ ಪೇಟೆಯಿಂದ ಬರತೊಡಗಿತು. ಅಪ್ಪ ಈಗ ಒಂದು ಕಡೆ ಕೂತಿರುತ್ತಾರೆ, ಒಳ್ಳೆಯದಾಯಿತು ಎಂದರು ಯಜಮಾನರು. ನಾನು ಹೌದೆಂದೆ.

ಮೆಟ್ಟಿಲಿನಿಂದ ದಾಸವಾಳಕ್ಕೆ ಒಂಬತ್ತಡಿ. ಎರಡಡಿ ಅಗಲಕ್ಕೆ ಕಲ್ಲು ಸರಿಸಲು ಒಂದು ಮುಂಜಾನೆ ಸಾಕಿತ್ತು. ಸಲಿಕೆ ಹಿತ್ತಲಲ್ಲೇ ಇತ್ತು. ಅವರು ಆಮೇಲೆ ಮೂರು ವರ್ಷ ಬದುಕಿದ್ದರು. ನಾನು ಸರಿಸಲಿಲ್ಲ.