ಜೀಪಿನ ಸೀಟಿಗಿಟ್ಟ ಎಡೆ

ಬೆಟಗೇರಿಯ ಗ್ಯಾರೇಜಿನಲ್ಲಿ ಇಂದು ಯಾರೋ ಹಳೆಯ ಬಣ್ಣ ಕೆರೆಯುತ್ತಿದ್ದರು. ಆ ವಾಸನೆಗೆ ಡಂಬಳದ ನಮ್ಮ ಅಂಗಳ ನೆನಪಾಯಿತು.

ಕಾಕಾ ಹರಾಜಿನಲ್ಲಿ ತಂದ ಮಿಲಿಟರಿ ಜೀಪಿನ ಬಣ್ಣ ಕೆರೆದಾಗ, ಸ್ಟೇರಿಂಗ್ ಪಕ್ಕ ಮೊಳೆಯಲ್ಲಿ ಗೀಚಿದ ಹೆಸರೊಂದು ಸಿಕ್ಕಿತು. "ಯಾವ ಯುದ್ಧದಾಗ ಸತ್ತಾನೋ ಪಾಪ" ಎಂದು ಅಜ್ಜಿ ಪ್ರತಿ ಮಹಾನವಮಿ ಅಮಾವಾಸ್ಯೆಗೆ, ಸತ್ತ ಹಿರಿಯರಿಗೆ ಇಟ್ಟಂತೆ, ಡ್ರೈವರ್ ಸೀಟಿಗೂ ಹೋಳಿಗೆಯ ಎಡೆ ಇಡುತ್ತಿದ್ದಳು. ನಾನು ಆ ಹೆಸರಿನ ಕೆಳಗೆ ನನ್ನ ಹೆಸರನ್ನೂ ಗೀಚಿದ್ದೆ.

ಜೀಪಿನ ಹಳೆಯ ನಂಬರು ಹಿಡಿದು ಕಾಕಾ ಕಡೆಗೂ ಆ ಹೆಸರಿನ ಡ್ರೈವರನನ್ನು ಪತ್ತೆ ಮಾಡಿದ. ಬೆಳ್ಳಟ್ಟಿಯವನು, ಬದುಕಿದ್ದ. ಮನೆಗೆ ಬಂದವನ ಎರಡೂ ಕೈ ಹಿಡಿದಳು ಅಜ್ಜಿ. "ಬದುಕಿದ್ದವಗ ಎಡಿ ಇಟ್ಟೆನಲ್ಲೋ ತಮ್ಮಾ."

"ಅದಕ ನೋಡ ಯವ್ವಾ," ಎಂದ ಅವನು, "ಆ ಅಮಾಸಿ ದಿನ ಉಣ್ಣಲಾರದನ ನನ್ನ ಹೊಟ್ಟಿ ತುಂಬಿರತಿತ್ತು."

ಆ ಜೀಪು ಮಾರಿ ಎಷ್ಟೋ ಕಾಲವಾಯಿತು. ನಮ್ಮಿಬ್ಬರ ಹೆಸರು ಹೊತ್ತು ಈಗ ಯಾರ ಮನೆಯಲ್ಲಿದೆಯೋ. ಇಂದು ಅದೇ ಅಮಾವಾಸ್ಯೆ. ಬೆಳಗಿನಿಂದ ಏನೂ ತಿಂದಿಲ್ಲ. ಹೊಟ್ಟೆ ತುಂಬಿದೆ.